ಮಾವನ ಹಳದಿ ಗಾಡಿಗಳು

ಮನೆಯಲ್ಲಿ ಪುಸ್ತಕ ಓದುವವನೊಬ್ಬನಿದ್ದರೆ, ಸತ್ತವರ ಪೆಟ್ಟಿಗೆಗಳೆಲ್ಲ ಅವನ ಮುಂದೆಯೇ ಬಾಯಿ ತೆರೆಯುತ್ತವೆ. ಎಂಬತ್ತರ ದಶಕದ ಆರಂಭದಲ್ಲಿ, ಮಾಲೂರಿನಲ್ಲಿ, ನನ್ನ ಮಾವನ ಪೆಟ್ಟಿಗೆಯೂ ಹಾಗೆಯೇ ತೆರೆಯಿತು.

ಪೆಟ್ಟಿಗೆ

ಮಾವ ರಸ್ತೆ ಕಂಟ್ರಾಕ್ಟರೊಬ್ಬರ ಹತ್ತಿರ ಗಾಡಿ ಓಡಿಸುತ್ತಿದ್ದರು. ಯಾವ ಗಾಡಿ ಎಂದು ಕೇಳಿದರೆ "ದೊಡ್ಡದು" ಎನ್ನುತ್ತಿದ್ದರು, ಅಷ್ಟೆ. ಯಂತ್ರ ಮಾರುವ ಕಂಪನಿಗಳು ಕಂಟ್ರಾಕ್ಟರಿಗೆ ಪ್ರಚಾರಕ್ಕೆಂದು ಕೊಟ್ಟಿದ್ದ, ಅಂಗೈ ಅಗಲದ ಲೋಹದ ಮಾದರಿಗಳು ಐದು ಮಾವನ ಪೆಟ್ಟಿಗೆಯಲ್ಲಿದ್ದವು. ಪ್ರತಿ ಆಯುಧಪೂಜೆಗೂ ಮಾವ ಅವಕ್ಕೆ ಹಳದಿ ಪೇಂಟು ಬಳಿದಿದ್ದರು, ಚಕ್ರವನ್ನೂ ಬಿಡದೆ. ಬಣ್ಣ ಗಟ್ಟಿಕಟ್ಟಿ ಐದೂ ಬೆಲ್ಲದ ಅಚ್ಚಿನಂತಾಗಿದ್ದವು.

ಮಾವನ ವರ್ಷದ ಕಾರ್ಯ ಮುಗಿದು ಆಯುಧಪೂಜೆ ಹತ್ತಿರ ಬಂದಿತ್ತು. ಅಪ್ಪ ಓಡಿಸಿದ ಗಾಡಿಯನ್ನೇ ಪೂಜೆಗೆ ಇಡಬೇಕೆಂದು ಇಬ್ಬರು ಬಾಮೈದರ ಹಟ. ದೊಡ್ಡವನು ಬುಲ್ಡೋಜರ್ ಎಂದ. ಚಿಕ್ಕವನು ಮಣ್ಣು ಅಗೆಯುವ ಯಂತ್ರ ಎಂದ. ಮಾತು ಬೆಳೆದು, ತಪ್ಪು ಗಾಡಿ ಇಟ್ಟರೆ ಈ ಮನೆಯ ಹೊಸಲು ತುಳಿಯುವುದಿಲ್ಲ ಎಂದು ಇಬ್ಬರೂ ಆಣೆ ಇಟ್ಟರು. ಅತ್ತೆ ನನ್ನ ಕಡೆ ತಿರುಗಿದರು.

"ಅಳಿಯಂದ್ರೆ, ಹಬ್ಬದ ದಿನ ಇಬ್ಬರೂ ಒಟ್ಟಿಗೆ ಕೂತು ಉಣ್ಣಬೇಕು. ಅದ್ಯಾವ ಗಾಡಿ ಅಂತ ನೀವೇ ಕಂಡುಹಿಡೀರಿ."

"ಎರಡನ್ನೂ ಇಟ್ಟರಾಯಿತು" ಎಂದೆ.

ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಂದೇ ಉಸಿರಿನಲ್ಲಿ ಕೇಳಿದರು: "ಯಾರೋ ಓಡಿಸಿದ ಗಾಡೀನ ಅಪ್ಪ ಅನ್ನೋದಾ, ಭಾವ?"

ಥಿನ್ನರ್

ಇಂಥ ಮಾದರಿಗಳ ತಳದಲ್ಲಿ ಯಂತ್ರದ ಹೆಸರು ಇರುತ್ತದೆಂದು ಎಲ್ಲೋ ಓದಿದ್ದೆ. ಮೊದಲು ಯಾವುದು ಯಾವುದೆಂದು ತಿಳಿಯಲಿ ಎಂದು ಒಂದೊಂದನ್ನೇ ಬೋರಲು ಹಾಕಿ, ಥಿನ್ನರ್ ಬಟ್ಟೆಯಲ್ಲಿ ಉಜ್ಜಿ ಬ್ಲೇಡಿನಿಂದ ಕೆರೆದೆ. ಒಂದು ಹಳದಿ ಹೋದರೆ ಕೆಳಗೆ ಇನ್ನೊಂದು ಹಳದಿ. ಬಾಮೈದರ ಎರಡು ತಲೆಗಳು ನನ್ನ ತಲೆಗೆ ತಾಗುವಷ್ಟು ಬಗ್ಗಿದ್ದವು. ಬುಲ್ಡೋಜರ್, ಅಗೆಯುವ ಯಂತ್ರ, ಲೋಡರ್, ಟಿಪ್ಪರ್, ರೋಡ್ ರೋಲರ್ ಎಂದು ಐದಕ್ಕೂ ಹೆಸರು ಸಿಕ್ಕಿತು. ಮಾವ ಯಾವುದರ ಮೇಲೆ ಕೂತಿದ್ದರೆಂಬುದು ಮಾತ್ರ ತಳದಲ್ಲಿರಲಿಲ್ಲ. ಐದರಲ್ಲೂ ಇಂಗ್ಲಿಷಿನಲ್ಲಿ ಇನ್ನೊಂದು ಸಾಲಿತ್ತು. ಕನ್ನಡದಲ್ಲಿ ಹೇಳಿದೆ: "ಮಾರಾಟಕ್ಕಲ್ಲ."

ಪುಕ್ಕಟೆ ಹಂಚುವ ವಸ್ತುವಿಗೆ ಕಂಪನಿ ಹಾಕುವ ಮುದ್ರೆ ಅದು ಎನ್ನುವಷ್ಟರಲ್ಲಿ ಚಿಕ್ಕವನು ಅಣ್ಣನನ್ನು ನೆಟ್ಟ ನೋಟದಿಂದ ನೋಡಿದ.

"ನೋಡಿದ್ಯಾ? ನೀನೆಂಥೋನು ಅಂತ ಅಪ್ಪಂಗೆ ಮೊದಲೇ ಗೊತ್ತಿತ್ತು."

ಬೈರಕೂರು

ಮಾವನ ಜೊತೆ ಕೆಲಸ ಮಾಡಿದ್ದ ಹಿರಿಯರೊಬ್ಬರು ಬೈರಕೂರಿನಲ್ಲಿದ್ದರು. ಮುಳಬಾಗಿಲಿನಲ್ಲಿ ಬಸ್ಸು ಬದಲಿಸಿ ಹೋದೆವು. ಬಾಮೈದರು ಬೇರೆ ಬೇರೆ ಸೀಟಿನಲ್ಲಿ, ಗಾಡಿಗಳ ಚೀಲ ನನ್ನ ತೊಡೆಯ ಮೇಲೆ.

ಹಿರಿಯರು ಬುಲ್ಡೋಜರ್ ಎತ್ತಿಕೊಂಡರು. "ಇದು ನಾನು ಓಡಿಸಿದ್ದು."

ದೊಡ್ಡವನ ಮುಖ ಇಳಿಯಿತು.

ಅಗೆಯುವ ಯಂತ್ರ ಎತ್ತಿದರು. "ಇದೂ ನಾನೇ."

ಚಿಕ್ಕವನದೂ ಇಳಿಯಿತು. ಹೀಗೆ ಐದೂ ಅವರದೇ ಆದವು.

"ಹಂಗಾದ್ರೆ ನಮ್ಮಪ್ಪ?" ಎಂದ ದೊಡ್ಡವನು.

"ಮೀ ನಾಯನಾ? ನಿಮ್ಮಪ್ಪ ಬಂಗಾರದಂಥ ಮನುಷ್ಯ. ಕುರುಡುಮಲೆ ಗುಡೀಲಿ ಗಾಡಿಗೆ ಪೂಜೆ ಮಾಡಿಸಿ, ಅದರ ಮುಂದೆ ನಿಂತು ಫೋಟೋ ಹೊಡೆಸ್ಕೊಂಡಿದ್ದ. ಕೋಲಾರದ ಸ್ಟುಡಿಯೋದಲ್ಲಿ ಇನ್ನೂ ಇರಬೇಕು ನೋಡಿ."

"ಎಲ್ಲಾ ಗಾಡೀನೂ ನೀವೇ ಓಡಿಸಿದ್ದು ಅಂದ್ರಲ್ಲ ತಾತ?"

"ಊ, ನಾನೇ. ನಾನು ಊಟಕ್ಕೆ ಹೋದಾಗ ಅವನು."

ಸ್ಟುಡಿಯೋ

ಫೋಟೋ ಸಿಕ್ಕಿತು. ಬಾಳೆಕಂದು, ಮಾವಿನ ಸೊಪ್ಪು, ಚೆಂಡುಹೂವಿನ ಹಾರ, ನಡುವೆ ಕುಂಕುಮ ಇಟ್ಟುಕೊಂಡ ಮಾವನ ಮುಖ. ಗಾಡಿ ಕಾಣಿಸಲೇ ಇಲ್ಲ.

"ಈ ಬಾಳೆಕಂದಿನ ಹಿಂದೆ ಬುಲ್ಡೋಜರಿನ ಬ್ಲೇಡಿದೆ" ಎಂದ ದೊಡ್ಡವನು.

"ಬಾಳೆಕಂದಿನ ಹಿಂದೆ ಇರೋದು ಇನ್ನೊಂದು ಬಾಳೆಕಂದು" ಎಂದ ಚಿಕ್ಕವನು.

ಸ್ಟುಡಿಯೋದವರು ಭೂತಗನ್ನಡಿ ಕೊಟ್ಟರು. ಕೆಳಗೆ, ಗಾಡಿ ತುಳಿದು ಹೋಗಲೆಂದು ಇಟ್ಟ ನಿಂಬೆಹಣ್ಣುಗಳು. ಅವುಗಳ ಹಿಂದೆ, ಉರುಳಬೇಕಾದ್ದರಿಂದ ಯಾರೂ ಹೂವು ಕಟ್ಟದೆ ಬಿಟ್ಟಿದ್ದ ನುಣುಪಾದ ಕಬ್ಬಿಣದ ಉರುಳೆ. ಗಾಡಿಯಷ್ಟೇ ಅಗಲ.

"ರೋಡ್ ರೋಲರ್" ಎಂದೆ.

ಆ ಆಮೆ ಗಾಡಿ ಬೇಡವೆಂಬಂತೆ ಇಬ್ಬರೂ ಭೂತಗನ್ನಡಿಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದರು. ಆಮೇಲೆ ಚಿಕ್ಕವನು ಮೆಲ್ಲಗೆ ಬಾಯಿಬಿಟ್ಟ: "ಅಣ್ಣಾ, ದೊಡ್ಡೋನು ನೀನು. ಪೂಜೆ ನೀನೇ ಮಾಡಿಬಿಡು."

"ಛೆ ಛೆ, ಅಪ್ಪಂಗೆ ನಿನ್ನ ಮೇಲೇ ಪ್ರೀತಿ ಜಾಸ್ತಿ ಕಣೋ."

ಮಾಲೂರು

ಅತ್ತೆಗೆ ಹೇಳುವ ಧೈರ್ಯ ಮೂವರಿಗೂ ಇರಲಿಲ್ಲ. ಫೋಟೋವನ್ನೂ ಪುಟ್ಟ ರೋಲರನ್ನೂ ಅವರ ಮುಂದಿಟ್ಟು ಒಂದು ಹೆಜ್ಜೆ ಹಿಂದೆ ಸರಿದೆವು. ಅವರು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದರು.

"ಇದು ಜೋರಾಗಿ ಓಡುತ್ತೇನೋ?"

"ಇಲ್ಲಮ್ಮ" ಎಂದ ಚಿಕ್ಕವನು. "ಎತ್ತಿನ ಗಾಡೀನೂ ಇದನ್ನ ದಾಟ್ಕೊಂಡು ಹೋಗುತ್ತೆ."

"ಶ್ರೀನಿವಾಸಪುರದಲ್ಲಿ ಕೆಲಸ ಮುಗಿಸಿ, ಇದನ್ನ ಇಲ್ಲಿ ಕಂಟ್ರಾಕ್ಟರ್ ಯಾರ್ಡಿಗೆ ತಂದು ಬಿಡಬೇಕಂದ್ರೆ?"

"ಎರಡು ದಿನ ಆದ್ರೂ ಬೇಕು."

ಅತ್ತೆ ರೋಲರನ್ನು ಸೆರಗಿನಿಂದ ಒರೆಸಿದರು. ತಾವೇ ಕುಂಕುಮ ಇಟ್ಟರು. "ಇದನ್ನೇ ಇಡ್ರೋ. ಇಬ್ಬರೂ ಒಟ್ಟಿಗೆ ಕೂತು ಪೂಜೆ ಮಾಡಿ" ಎಂದರು.

ಆಮೇಲೆ ಅವರ ಕಣ್ಣು ತುಂಬಿತು.

"ಪಾಪ, ಆ ಮನುಷ್ಯನ ಜೀವ ತಿಂದುಬಿಟ್ಟೆನಲ್ಲೋ! ಕೆಲಸ ಮುಗಿದು ಎರಡು ದಿನ ಆಯ್ತು, ಎಲ್ಲಿದ್ರಿ ಅಂತ ಕೇಳ್ತಿದ್ದೆ. ದಾರೀಲಿದ್ದೆ ಕಣೇ ಅನ್ನೋರು. ಆ ದಾರೀಲಿ ಯಾವಳಿದಾಳೆ ಹೇಳಿ ಅಂತ ಅನ್ನ ಇಡದೆ ಮಲಗಿಸಿಬಿಡ್ತಿದ್ದೆ!"