ಕ್ಲೈಮ್ಯಾಕ್ಸಲ್ಲಿ ಅಣ್ಣ ಸಾಯ್ತಾರೆ

ಎಲ್ಲ ಶುರುವಾದದ್ದು ಶಿವಪ್ರಸಾದನ ಬಾಯಿಂದ ಜಾರಿದ ಒಂದು 'ಹೂಂ'ನಿಂದ.

ಗಾಂಧಿ ಬಜಾರಿನ ಸಹಕಾರ ಸಂಘದ ಕಚೇರಿಯಲ್ಲಿ ಆ ಶುಕ್ರವಾರ ಬೆಳಿಗ್ಗೆ ಯಾರೂ ಇನ್ನೂ ಕಂಪ್ಯೂಟರ್ ಆನ್ ಮಾಡಿರಲಿಲ್ಲ. ಶೌರ್ಯರಾಜ್ ನಟಿಸಿದ 'ಕಗ್ಗಲ್ಲ ಕೋಟೆ' ಅವತ್ತೇ ಬಿಡುಗಡೆ. ಪಕ್ಕದೂರು ಭದ್ರಾವತಿಯಿಂದ ದಿನಾ ಬೈಕಲ್ಲಿ ಬರುವ ಮೂರ್ತಪ್ಪ ಅಲ್ಲಿನ ಶೌರ್ಯರಾಜ್ ಅಭಿಮಾನಿ ಸಂಘದ ಅಧ್ಯಕ್ಷ. ಎದುರು ಮೇಜಿನ ಭವಾನಿಗೆ ಆ ನಟನನ್ನು ಕಂಡರೆ ಆಗುವುದಿಲ್ಲ.

"ಇಷ್ಟು ವರ್ಷ ಕಾಲೇಜ್ ಹುಡುಗನ ಪಾರ್ಟ್ ಮಾಡ್ಕೊಂಡಿದ್ದೋನಿಗೆ ಕೋಟೆ ಕಾಯೋ ಸರದಾರನ ಪಾರ್ಟ್ ಯಾಕೆ ಕೊಟ್ರು ಮಾರಾಯ್ರೇ? ಆ ಗಡ್ಡ ತೆಂಗಿನ ನಾರು ಅಂಟಿಸಿದ ಹಾಗಿದೆ. ನಮ್ಮ ಹೀರೋ ದಯಾಕರ್‌ಗೆ ಹೇಳಿ ಮಾಡ್ಸಿದ ಪಾರ್ಟ್ ಅದು," ಎಂದಳು ಭವಾನಿ.

"ಆ ಡೊಳ್ಳುಹೊಟ್ಟೆ ದಯಾಕರ್ ಹತ್ತಿದ್ರೆ ಕುದುರೆ ರಜಾ ಹಾಕುತ್ತೆ!" ಮೂರ್ತಪ್ಪ ಮೇಜು ಗುದ್ದಿದ. "ಹಿಂದಿನ ಪಿಕ್ಚರೆಲ್ಲ ತೋಪಾಗಿರಬಹುದು. ಇದರಲ್ಲಿ ನಮ್ಮಣ್ಣ ಎದ್ದು ನಿಲ್ತಾರೆ, ನೋಡ್ತಾ ಇರಿ."

ಆ ಕಚೇರಿಯಲ್ಲಿ ಶಿವಪ್ರಸಾದನ ಅಭಿಪ್ರಾಯವನ್ನು ಯಾರೂ ಕೇಳಿದ್ದಿಲ್ಲ, ಫ್ಯಾನು ಜೋರು ಮಾಡಲೇ ಎನ್ನುವುದಕ್ಕೂ. ಅವತ್ತು ಮಾತ್ರ ಭವಾನಿ ಥಟ್ಟನೆ ಅವನತ್ತ ತಿರುಗಿದಳು.

"ನೀವು ನಿನ್ನೆ ಬೆಂಗಳೂರಲ್ಲಿದ್ರಲ್ಲ! ಅಲ್ಲಿ ಪ್ರೀಮಿಯರ್ ಷೋ ಇತ್ತಂತೆ. ನೋಡಿದ್ರಾ?"

ಅವನು ಹೋಗಿದ್ದದ್ದು ನೆಂಟರ ಮಗುವಿನ ನಾಮಕರಣಕ್ಕೆ. ನೋಡಿದ್ದು ಹೋಳಿಗೆ ಮಾತ್ರ. ಆದರೆ ಇಬ್ಬರೂ ಒಟ್ಟಿಗೆ ತನ್ನನ್ನೇ ನೋಡುತ್ತಿದ್ದ ಆ ಸುಖಕ್ಕೆ 'ಹೂಂ' ಅಂದುಬಿಟ್ಟ.

"ಹೌದಾ? ಕ್ಲೈಮ್ಯಾಕ್ಸ್ ಹೆಂಗಿದೆ?" ಮೂರ್ತಪ್ಪ ಕುರ್ಚಿ ಎಳೆದುಕೊಂಡೇ ಬಂದ.

ಏನಾದರೂ ಹೇಳಲೇಬೇಕಿತ್ತು. ಶಿವಪ್ರಸಾದ ದನಿ ತಗ್ಗಿಸಿದ. "ಅಣ್ಣ ಸಾಯ್ತಾರೆ."

ಮೂರ್ತಪ್ಪನ ಮುಖ ನೋಡಿದರೆ ಸ್ವಂತ ಅಣ್ಣನೇ ಹೋದಂತಿತ್ತು. ಅವನು ಫೋನ್ ಹಿಡಿದು ಹೊರಗೆ ಓಡಿದ. ಶಿವಪ್ರಸಾದ ಟೀ ಮುಗಿಸುವಷ್ಟರಲ್ಲಿ ಸುದ್ದಿ ಭದ್ರಾವತಿ ತಲುಪಿತ್ತು. ಸತ್ತವನಿಗೆ ಹಾರ ಹಾಕಿದಂತಾಗುತ್ತದೆಂದು ಹುಡುಗರು ಕಟೌಟಿನ ಹಾರ ಇಳಿಸಿದರು. ಅಭಿಷೇಕಕ್ಕೆ ತಂದಿದ್ದ ಹಾಲು ಪಕ್ಕದ ಹೋಟೆಲಿನ ಕಾಫಿಗೆ ಹೋಯಿತು. ಮೊದಲ ಆಟವಾದ ಮ್ಯಾಟಿನಿಗೆ ಟಿಕೆಟ್ ಕೊಂಡವರು ಅದನ್ನು ವಾಪಸ್ ಕೊಡಲು ಸಾಲು ನಿಂತರು. ಟಾಕೀಸಿನ ಮ್ಯಾನೇಜರ್ ಹೊನ್ನಯ್ಯ ಮೂರ್ತಪ್ಪನಿಗೆ ಫೋನ್ ಮಾಡಿ, "ಆ ಮನುಷ್ಯನ್ನ ಇಲ್ಲಿಗೆ ಕರ್ಕೊಂಡು ಬಾ, ಇಲ್ಲಾಂದ್ರೆ ನಾನೇ ಸಾಯ್ತೀನಿ," ಎಂದು ಗೋಳಾಡಿದ.

"ನನಗೆ ಫೈಲ್ ಇದೆ," ಎಂದ ಶಿವಪ್ರಸಾದ.

"ಅರ್ಧ ದಿನ ರಜಾ ಬರೆದು ಹಾಕಿದೀನಿ. ಮೂರು ಜನರದ್ದೂ," ಎಂದಳು ಭವಾನಿ, ಆಗಲೇ ಸ್ಕೂಟರಿನ ಕೀಲಿ ಹಿಡಿದುಕೊಂಡು. ಶೌರ್ಯರಾಜ್ ಸಾಯುವುದನ್ನು ಅವಳು ಕಣ್ಣಾರೆ ನೋಡಬೇಕಿತ್ತು.

ಮೂರ್ತಪ್ಪನ ಬೈಕಿನ ಹಿಂದೆ ಶಿವಪ್ರಸಾದ ಅಡಿಕೆ ಮೂಟೆಯಂತೆ ಕೂತು ಭದ್ರಾವತಿ ಸೇರಿದ. ಟಾಕೀಸಿನ ಗೇಟಿನಲ್ಲಿ ನೂರಾರು ಹುಡುಗರು ಮುತ್ತಿದರು. ವಿಷ್ಣು ಎಂಬ ದಪ್ಪ ಮೀಸೆಯವನು ಮುಂದೆ ಬಂದ.

"ಸಾರ್, ಅಣ್ಣ ಸತ್ರೆ ನೀವು ಹೇಳಿದ್ದು ಸತ್ಯ. ಮರ್ಯಾದೆಯಿಂದ ಮನೆಗೆ ಬಿಡ್ತೀವಿ. ಸಾಯ್ಲಿಲ್ಲ ಅಂದ್ರೆ ಕಟೌಟ್ ಮುಂದೆ ಉರುಳು ಸೇವೆ ಮಾಡ್ಬೇಕು. ಊರೆಲ್ಲ ನೋಡ್ಲಿ, ವಿಡಿಯೋ ಮಾಡ್ತೀವಿ."

ತನ್ನ ಮನೆಯಿರುವ ವಿನೋಬನಗರದ ನೆರೆಹೊರೆಯವರೆಲ್ಲ ಆ ವಿಡಿಯೋ ನೋಡಿ ಹೆಂಡತಿ ವಾಣಿಗೆ ತೋರಿಸುವುದು ಶಿವಪ್ರಸಾದನ ಕಣ್ಣಿಗೆ ಕಟ್ಟಿತು.

ಅವನನ್ನು ನಟ್ಟನಡುವಿನ ಸೀಟಿನಲ್ಲಿ ಕೂರಿಸಿದರು. ಪಿಕ್ಚರ್ ಶುರುವಾಯಿತು. ಟಾಕೀಸಿಗೆ ಟಾಕೀಸೇ ಅಣ್ಣ ಬದುಕಲಿ ಎಂದು ಬೇಡುತ್ತಿದ್ದರೆ, ಅವನೊಬ್ಬ ಮಾತ್ರ ವಿಲನ್ನಿಗಾಗಿ ದೇವರನ್ನು ಕರೆಯುತ್ತಿದ್ದ. ವಿಲನ್ ಬಿಟ್ಟ ಬಾಣಗಳೆಲ್ಲ ಗುರಿ ತಪ್ಪುತ್ತಿದ್ದವು. 'ಸರಿಯಾಗಿ ಹೊಡಿಯೋ ದರಿದ್ರದವನೇ,' ಎಂದು ಹಲ್ಲು ಕಚ್ಚಿದ. ಶೌರ್ಯರಾಜ್ ಒಬ್ಬನೇ ಒಂದು ದಂಡನ್ನು ಹೊಡೆದುರುಳಿಸಿದ. ಜನ ಕುರ್ಚಿ ಹತ್ತಿ ಕುಣಿದರು. ಭವಾನಿ ಕೂಡ ಮೈಮರೆತು ಶಿಳ್ಳೆ ಹೊಡೆದಳು.

"ಗಡ್ಡ ಒಪ್ಪುತ್ತೆ ಕಣ್ರೀ," ಎಂದು ಅವನ ಕಿವಿಯಲ್ಲಿ ಕಿರುಚಿದಳು.

ಕೊನೆಗೆ ಕೋಟೆಯ ತುದಿ. ಹಿಂದಿನಿಂದ ಬಂದ ಈಟಿ ಶೌರ್ಯರಾಜನ ಬೆನ್ನಿಗೆ ನಾಟಿತು. ಅವನು ತೂರಾಡಿದ, ಜಾರಿದ, ಕಂದಕಕ್ಕೆ ಬಿದ್ದ.

"ಸತ್ತ! ಸತ್ತೇ ಹೋದ!" ಶಿವಪ್ರಸಾದ ಎದ್ದು ನಿಂತು ಚಪ್ಪಾಳೆ ಹೊಡೆದ.

ಇಡೀ ಟಾಕೀಸಿನಲ್ಲಿ ಅವನದೊಂದೇ ಚಪ್ಪಾಳೆ. ಮೂರ್ತಪ್ಪ ಅವನ ಅಂಗಿ ಹಿಡಿದೆಳೆದ. ಅಷ್ಟರಲ್ಲಿ ಪರದೆಯ ಮೇಲೆ ನೀರಿನೊಳಗಿಂದ ಒಂದು ಬೆರಳು ಅಲ್ಲಾಡಿದಂತಾಯಿತು. ಅಲ್ಲಾಡಿತೋ, ನೀರೇ ಅಲ್ಲಾಡಿಸಿತೋ? ಪರದೆ ಕಪ್ಪಾಯಿತು. ಅಕ್ಷರಗಳು ಮೂಡಿದವು: 'ಉಳಿದದ್ದು ಎರಡನೇ ಭಾಗದಲ್ಲಿ.'

ದೀಪ ಹತ್ತಿತು. ಎಲ್ಲರೂ ಅವನತ್ತ ತಿರುಗಿದರು.

"ಈಗ ಅಣ್ಣ ಸತ್ರೋ, ಇಲ್ವೋ?" ಎಂದ ವಿಷ್ಣು.

ಶಿವಪ್ರಸಾದ ಎರಡೂ ಕೈ ಎತ್ತಿದ. "ನೋಡಿ, ನಿಜ ಹೇಳ್ಬಿಡ್ತೀನಿ. ನಾನು ಈ ಪಿಕ್ಚರ್ ನೋಡೇ ಇರ್ಲಿಲ್ಲ. ಸುಮ್ನೆ ಬಾಯಿಗೆ ಬಂದಿದ್ದು ಹೇಳ್ದೆ."

ಮೂರ್ತಪ್ಪ ಗಹಗಹಿಸಿ ನಕ್ಕ.

"ಗುಟ್ಟು ಬಿಡಬಾರ್ದು ಅಂತ ಕಂಪನಿಯೋರು ಹೇಳಿರ್ತಾರೆ ಕಣ್ರೋ! ಕ್ಲೈಮ್ಯಾಕ್ಸನ್ನ ಇಷ್ಟು ಕರೆಕ್ಟಾಗಿ ಹೇಳ್ದೋರು ನೋಡೇ ಇಲ್ವಂತೆ!"

"ಇವರಿಗೆ ಎರಡನೇ ಭಾಗನೂ ಗೊತ್ತಿರುತ್ತೆ," ಎಂದಳು ಭವಾನಿ, ಈಗ ಅಪ್ಪಟ ಅಭಿಮಾನಿಯ ದನಿಯಲ್ಲಿ. "ಹೇಳ್ರೀ, ಅಣ್ಣ ಬದುಕ್ತಾರಾ?"

ಬಾಗಿಲಲ್ಲಿ ಹುಡುಗರು ಗೋಡೆಯಂತೆ ನಿಂತಿದ್ದರು. ಆ ಮುಖಗಳನ್ನು ನೋಡಿ ಶಿವಪ್ರಸಾದನಿಗೆ ಒಂದೇ ಒಂದು ಉತ್ತರ ಹೊಳೆಯಿತು.

"ಬದುಕ್ತಾರೆ," ಎಂದ.

ಟಾಕೀಸಿನ ಸೂರು ಹಾರಿಹೋಗುವಂಥ ಕೇಕೆ. ಅವನನ್ನು ಹೆಗಲ ಮೇಲೆ ಹೊತ್ತರು. ಹೊನ್ನಯ್ಯ ಕೈ ಮುಗಿದ. ಹಾಗೇ ಕುಣಿಸುತ್ತ ಹೊರಗೆ ತಂದು ಇಳಿಸಿದ ವಿಷ್ಣು ಅವನ ಕಾಲರ್ ಸರಿಮಾಡಿ, ಅಕ್ಕರೆಯಿಂದ ಹೇಳಿದ:

"ಬರೋ ದೀಪಾವಳಿಗೆ ರಿಲೀಸಂತೆ ಸಾರ್. ನಡುವಿನ ಸೀಟು ನಿಮ್ಗೇ. ಬದುಕ್ಲಿಲ್ಲ ಅಂದ್ರೆ, ಉರುಳು ಸೇವೆ ಇದ್ದೇ ಇದೆ."