ನನ್ನ ಮೇಲೆ ಮೂಗರ್ಜಿ ಬರೆದ ಮಾನ್ಯರಿಗೆ

ಮಾನ್ಯ ಮೂಗರ್ಜಿದಾರರೇ,

ತಮ್ಮ ಹೆಸರಾಗಲಿ, ವಿಳಾಸವಾಗಲಿ, ವಯಸ್ಸಾಗಲಿ ತಿಳಿಯದಿದ್ದರೂ ತಾವು ಕ್ಷೇಮವಾಗಿರುವಿರೆಂದು ದೃಢವಾಗಿ ನಂಬಿ, ಹೊಸಪೇಟೆಯ ನಿವೃತ್ತ ಟಪಾಲು ಗುಮಾಸ್ತ ಜಂಬುನಾಥನು ಎರಡೂ ಕೈ ಜೋಡಿಸಿ ಬರೆದುಕೊಳ್ಳುವ ಬಿನ್ನಹ. ಖಾಸಗಿಯಾಗಿ ಬರೆಯೋಣವೆಂದರೆ ಲಕೋಟೆಯ ಮೇಲೆ ಏನು ಬರೆಯುವುದೆಂದು ತೋಚದೆ, ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ಅಭಿನಂದನೆ. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಟಪಾಲು ನೋಡಿಕೊಂಡವನಾಗಿ, ಸಹಿಯಿಲ್ಲದ ಅರ್ಜಿಗಳಲ್ಲಿ ಎಷ್ಟೋ ಬಗೆ ಕಂಡಿದ್ದೇನೆ. ಆದರೆ ನಮ್ಮ ಬೀದಿಗೆ ಇಂಟರ್ನೆಟ್ ಕೊಡುವ ತಿಪ್ಪೇಶನಿಗೆ ತಾವು ನನ್ನ ಮೇಲೆ ಕೊಟ್ಟ ಅರ್ಜಿಯಷ್ಟು ಚೊಕ್ಕವಾದದ್ದನ್ನು ಕಂಡಿಲ್ಲ. ಎಡಗೈಯಲ್ಲಿ ಬರೆದಿದ್ದರೂ ಸಾಲು ಸೊಟ್ಟಾಗಿಲ್ಲ, ಆರೋಪಗಳಿಗೆ ಒಂದು, ಎರಡು, ಮೂರು ಎಂದು ನಂಬರು ಹಾಕಿದ್ದೀರಿ, ಸಹಿಯ ಜಾಗದಲ್ಲಿ 'ನೊಂದವರು' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೀರಿ. ತಾವು ಅಂದು ನಮ್ಮ ಕಚೇರಿಗೆ ಬರೆದಿದ್ದರೆ, ಮೂಗರ್ಜಿಗಳನ್ನು ಪರಿಗಣಿಸಬಾರದೆಂಬ ಸುತ್ತೋಲೆಯನ್ನೇ ಸಾಹೇಬರು ಹಿಂಪಡೆಯುತ್ತಿದ್ದರು. ತಮ್ಮ ಅರ್ಜಿಯ ಫಲವಾಗಿ ನನ್ನ ಮನೆಯ ವೈರು ಕಿತ್ತು ಇಂದಿಗೆ ಒಂಬತ್ತು ದಿನ.

"ಜಂಬುನಾಥನ ಕಂಪ್ಯೂಟರಿನೊಳಗೆ ಗುರುತಿಲ್ಲದವರು ಹಗಲೂ ರಾತ್ರಿ ಹಾದುಹೋಗುತ್ತಾರೆ" ಎಂಬ ತಮ್ಮ ಮೊದಲ ಆರೋಪ ಅಕ್ಷರಶಃ ನಿಜ. ಹೆಸರು ಹೇಳಿ ಮಾತಾಡಿದರೆ ಕೆಲಸವನ್ನೋ ಜೀವವನ್ನೋ ಕಳೆದುಕೊಳ್ಳಬೇಕಾದವರು ಲೋಕದಲ್ಲಿ ಇದ್ದಾರೆ; ಅಂಥವರ ಸಂದೇಶವನ್ನು ಇಂಟರ್ನೆಟ್ಟಿನಲ್ಲಿ ಮೂರು ಮನೆಯ ಕಂಪ್ಯೂಟರು ಹಾಯಿಸಿ ಕಳಿಸುವ ಜಾಲವೊಂದಿದೆ, ಅದರಲ್ಲಿ ನಡುವಿನ ಮನೆ ನನ್ನದು. ಬಂದದ್ದನ್ನು ತೆಗೆದುಕೊಂಡು ಮುಂದಿನವರಿಗೆ ದಾಟಿಸುವುದಷ್ಟೇ ಕೆಲಸ. ಬರೆದವರು ಯಾರು, ಸೇರುವುದು ಎಲ್ಲಿಗೆ, ಒಳಗೇನಿದೆ, ಯಾವುದೂ ನಡುವಿನವನಿಗೆ ತಿಳಿಯದು. ಸಂಬಳವಿಲ್ಲ, ಶಾಲು ಹೊದಿಸುವವರಿಲ್ಲ. 'ಗೋಪ್ಯ' ಎಂದು ಬರೆದ ಲಕೋಟೆಯನ್ನು ಒಂದು ದಿನವೂ ಬೆಳಕಿಗೆ ಹಿಡಿದು ನೋಡದೆ ನಿವೃತ್ತನಾದವನಿಗೆ ಇದಕ್ಕಿಂತ ಒಗ್ಗುವ ಕೆಲಸ ಇನ್ನೊಂದಿಲ್ಲ. ಇನ್ನೂರ ಹನ್ನೆರಡು ದಿನ ಒಂದು ನಿಮಿಷವೂ ನಿಲ್ಲದೆ ನಡೆಸಿದೆ. ಏಪ್ರಿಲ್ ಬಿಸಿಲಲ್ಲಿ ಕರೆಂಟು ಹೋದಾಗ ಮನೆಯ ಫ್ಯಾನುಗಳನ್ನು ಆರಿಸಿ ಇನ್ವರ್ಟರನ್ನು ಕಂಪ್ಯೂಟರಿಗೆ ಮಾತ್ರ ಬಿಟ್ಟೆ. ನನ್ನ ಧರ್ಮಪತ್ನಿ ಅಕ್ಕನಾಗಮ್ಮನವರು ಸೆರಗಿನಲ್ಲಿ ಗಾಳಿ ಬೀಸಿಕೊಂಡರೇ ಹೊರತು ತುಟಿಪಿಟಕ್ಕೆನ್ನಲಿಲ್ಲ ಎಂಬುದನ್ನು ಹೆಮ್ಮೆಯಿಂದ ನಮೂದಿಸುತ್ತೇನೆ.

"ಉಳ್ಳಾಗಡ್ಡಿ ಹೆಸರಿನಲ್ಲಿ ಭಾರೀ ವ್ಯವಹಾರ" ಎಂಬ ಎರಡನೆಯ ಆರೋಪಕ್ಕೆ ಮಾತ್ರ ನನ್ನ ಆಕ್ಷೇಪಣೆಯಿದೆ. ಸಂದೇಶಕ್ಕೆ ಪದರದ ಮೇಲೆ ಪದರ ಸುತ್ತಿರುತ್ತಾರೆ, ಪ್ರತಿ ಮನೆಯಲ್ಲೂ ಒಂದೊಂದು ಪದರ ಸುಲಿಯುತ್ತಾರೆ, ಆದ್ದರಿಂದ ಇದು ಉಳ್ಳಾಗಡ್ಡಿ ಜಾಲ ಎಂದು ಪಕ್ಕದ ಮನೆಯ ದುರುಗವ್ವನಿಗೆ ಬಿಡಿಸಿ ಹೇಳಿದ್ದು ನನ್ನದೇ ತಪ್ಪು. ಆಕೆ ಅದನ್ನು ಇನ್ನಷ್ಟು ಬಿಡಿಸಿ ಬೀದಿಗೆಲ್ಲ ಹೇಳಿದಳು. ಮೂರನೇ ದಿನ ಮರಿಯಮ್ಮನಹಳ್ಳಿಯ ಹೊನ್ನೂರುಸ್ವಾಮಿ ಎಂಬ ಡ್ರೈವರು ಹನ್ನೆರಡು ಚೀಲ ಉಳ್ಳಾಗಡ್ಡಿ ಹೇರಿದ ಗಾಡಿಯನ್ನು ನಮ್ಮ ಗೇಟಿಗೆ ರಿವರ್ಸ್ ತಂದು, "ಇಲ್ಲಿ ಇಳಿಸಿದ್ರ ನೀವ ಕಂಪ್ಲಿಗೆ ಮುಟ್ಟಸ್ತೀರಂತಲ್ರಿ, ಯಾರು ಕಳ್ಸ್ಯಾರಂತನೂ ಕೇಳಂಗಿಲ್ಲಂತ, ಭಾಳ ಚೊಲೋ ಆತ್ ಬಿಡ್ರಿ" ಎಂದ. ಜಾಲದ ನಿಯಮವನ್ನು ಇಷ್ಟು ಚುಟುಕಾಗಿ ನಾನೂ ಯಾರಿಗೂ ಹೇಳಿರಲಿಲ್ಲ. ಇಳಿಸಿದ ಚೀಲಗಳನ್ನು ತಿರುಗಿ ಹೇರಿಸುವಷ್ಟರಲ್ಲಿ ಒಂದು ಒಡೆದು ಅಂಗಳದ ತುಂಬ ಚೆಲ್ಲಿತು. ಆರಿಸಿ ತುಂಬಿದ್ದು ಅಕ್ಕನಾಗಮ್ಮನವರೇ. ನಾನು ಆಗ ಕಂಪ್ಯೂಟರಿನ ಮುಂದೆ ಬಹಳ ಮುಖ್ಯವಾದ ಕೆಲಸದಲ್ಲಿದ್ದೆ.

ಈಗ ನನ್ನ ಪ್ರಾರ್ಥನೆ. ವೈರು ಮತ್ತೆ ಹಾಕಪ್ಪಾ ಎಂದು ಕೇಳಲು ತಿಪ್ಪೇಶನ ಅಂಗಡಿಗೆ ಆರು ಸಲ ಹೋದೆ. "ಅರ್ಜಿ ಕೊಟ್ಟೋರ ಬಂದು ವಾಪಸ್ ತಗೋಬೇಕ್ರಿ ಸರ, ಅಲ್ಲಿತನಕ ನನಗೇನೂ ಕೇಳಬ್ಯಾಡ್ರಿ" ಎನ್ನುತ್ತಾನೆ. ಆದ್ದರಿಂದ ತಾವು ದಯಮಾಡಿ ಮೊದಲ ಮೂಗರ್ಜಿಯನ್ನು ಹಿಂಪಡೆಯುವ ಎರಡನೇ ಮೂಗರ್ಜಿಯೊಂದನ್ನು ಅದೇ ಎಡಗೈಯಲ್ಲಿ ಬರೆದುಕೊಡಬೇಕು; ಅದನ್ನು ಬರೆದವರು ತಾವೇ ಎಂದು ದೃಢೀಕರಿಸಲು ಖುದ್ದಾಗಿ ಹಾಜರಾಗಬೇಕು; ಹಾಜರಾಗುವಾಗ ಯಾರ ಕಣ್ಣಿಗೂ ಬೀಳಬಾರದು. ತಮ್ಮ ಅನುಕೂಲಕ್ಕಾಗಿ ತಿಪ್ಪೇಶ್ ಅರ್ಧ ಗಂಟೆ ಕಣ್ಣು ಮುಚ್ಚಿಕೊಂಡು ಕೂರಲು ಒಪ್ಪಿದ್ದಾನೆ, ಊಟದ ಹೊತ್ತೊಂದು ಬಿಟ್ಟು.

ಮೂರನೆಯ ಆರೋಪವನ್ನು ಕೊನೆಗೆ ಇಟ್ಟುಕೊಂಡೆ. "ಲೋಕದವರ ಮಾತನ್ನೆಲ್ಲ ದಾಟಿಸುವ ಈ ಮನುಷ್ಯ ಮನೆಯಲ್ಲಿ ಕರೆದರೆ ಓ ಎನ್ನುವುದಿಲ್ಲ." ಇದಕ್ಕೆ ಉತ್ತರ ಬರೆಯಲು ನಾಲ್ಕು ಸಲ ಕೂತು ನಾಲ್ಕು ಸಲವೂ ಎದ್ದೆ. ಇದು ತಿಪ್ಪೇಶನ ವ್ಯಾಪ್ತಿಗೆ ಬರುವ ವಿಷಯವಲ್ಲವೆಂದು ವಾದಿಸಬಹುದಿತ್ತು, ವಾದಿಸುವುದಿಲ್ಲ. ಓದಿ ನಾಚಿಕೆಯಾಯಿತು. ವೈರು ಬಂದರೂ ಬಾರದಿದ್ದರೂ, ಇಂದಿನಿಂದ ಸಂಜೆ ಆರರಿಂದ ಎಂಟರವರೆಗೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿರುತ್ತೇನೆ. ಯಾರು ಕರೆದರೂ, ಹೆಸರು ಕೇಳದೆ, ಓ ಎನ್ನುತ್ತೇನೆ. ಇನ್ವರ್ಟರನ್ನು ಫ್ಯಾನಿಗೆ ಮರಳಿಸಲಾಗಿದೆ.

ಗುಟ್ಟು ಕಾಯುವುದರಲ್ಲಿ ಎಂದೆಂದಿಗೂ,
ತಮ್ಮ ವಿಶ್ವಾಸಿ,
ಜಂಬುನಾಥ
ನಡುವಿನ ಮನೆ, ಹೊಸಪೇಟೆ

ಹಿಂಬರಹ: ತಿಪ್ಪೇಶ್ ನಿನ್ನೆಯವರೆಗೆ ತಮ್ಮ ಅರ್ಜಿಯ ಫೋಟೋವನ್ನಷ್ಟೇ ತೋರಿಸುತ್ತಿದ್ದ, ಇಂದು ಬೆಳಿಗ್ಗೆ ಅಸಲನ್ನೇ ಕೈಗೆ ಕೊಟ್ಟ. ಮುಂದಿನ ಮೂಗರ್ಜಿಗೆ ಹಾಳೆ ಆರಿಸುವಾಗ ದಯಮಾಡಿ ಅದರ ಹಿಂಬದಿಯನ್ನೂ ನೋಡಿಕೊಳ್ಳಬೇಕು. ಇದು ಅಕ್ಕಿ ಮಿಲ್ಲಿನವರು ಕೊಟ್ಟ ಕ್ಯಾಲೆಂಡರಿನ ಈ ತಿಂಗಳ ಹಾಳೆ, ನಾಲ್ಕನೇ ತಾರೀಖಿನ ಮೇಲೆ 'ಹೊಸ ಗ್ಯಾಸ್ ಸಿಲಿಂಡರ್ ಹಚ್ಚಿದ್ದು' ಎಂದಿರುವ ಅಕ್ಷರ ನನ್ನದು. ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಅದು ಇಲ್ಲದ್ದನ್ನು ನಾನು ಒಂಬತ್ತು ದಿನ ಗಮನಿಸಲೇ ಇಲ್ಲವೆಂಬುದನ್ನು ಮೂರನೆಯ ಆರೋಪಕ್ಕೆ ಹೆಚ್ಚುವರಿ ಸಾಕ್ಷಿಯಾಗಿ ಸೇರಿಸಿಕೊಳ್ಳಬಹುದು. ಬರೆದವರು ಯಾರೆಂದು ಗೊತ್ತಾಯಿತೇ ಎಂದು ತಿಪ್ಪೇಶ್ ಕೇಳಿದ. ನಡುವಿನವನಿಗೆ ಅದು ತಿಳಿಯುವುದಿಲ್ಲಪ್ಪಾ ಎಂದು ಹೇಳಿ ಬಂದೆ. ಹಾಳೆಯನ್ನು ಅದೇ ಮೊಳೆಗೆ ಸಿಕ್ಕಿಸಿದ್ದೇನೆ, ಅರ್ಜಿಯ ಮುಖ ಹೊರಗೆ ಮಾಡಿ; ತಿಂಗಳು ಮುಗಿಯುವವರೆಗೆ ಈ ಮನೆಯಲ್ಲಿ ತಾರೀಖು ಬೇಕಾದವನು ಮೊದಲು ಅದನ್ನು ಓದಿ ಆಮೇಲೆ ತಿರುಗಿಸಬೇಕು.