ಸುಮ್ಮನೆ ಓಡಾಡಿಕೊಂಡಿರಲು ನಾಲ್ಕು ಕೋಳಿ

ವಿಶ್ವಾರಾಧ್ಯರ ಹೆಬ್ಬೆರಳು ಸ್ವಲ್ಪ ದಪ್ಪ. ಆ ಭಾನುವಾರ ಬೆಳಗ್ಗೆ ಕಾಫಿ ಕುಡಿಯುತ್ತಾ ಗೆಳೆಯ ಮುನಿಸ್ವಾಮಿಗೆ ಕಳಿಸಬೇಕಿದ್ದ ಮೆಸೇಜು, ಬೆರಳು ಒಂದು ಗೆರೆ ಮೇಲಕ್ಕೆ ಹೋಗಿ, ಬೀದಿಯವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಬಿತ್ತು. ಅದು ಹೀಗಿತ್ತು:

‘ನಾಲ್ಕು ಹೆಣ್ಣು ಸಾಕು ಗುರು. ಗಂಡು ಬೇಡ, ಗಲಾಟೆ. ಮೈ ತುಂಬಿಕೊಂಡಿರೋದಕ್ಕಿಂತ ಚುರುಕಾಗಿರೋದು ನೋಡು. ಹಿಂದಿನ ಬಾಗಿಲಿಂದ ತಂದ್ಬಿಡೋಣ, ಬೀದಿಯವರಿಗೆ ಗೊತ್ತಾಗ್ಬಾರ್ದು.’

ತಪ್ಪು ಗೊತ್ತಾದ ಕೂಡಲೇ ಅಳಿಸಲು ಹೋದರು. ಗಾಬರಿಯಲ್ಲಿ ‘ಡಿಲೀಟ್ ಫಾರ್ ಮಿ’ ಒತ್ತಿದರು. ಹೀಗಾಗಿ ಚಾಮರಾಜಪೇಟೆಯ ಆ ಇಡೀ ಬೀದಿಯಲ್ಲಿ ಆ ಮೆಸೇಜು ಕಾಣದ ಫೋನು ಅವರದೊಂದೇ ಆಯಿತು.

ಲೋಟದ ತಳದ ಕಾಫಿ ಆರುವ ಮೊದಲೇ ಶೀನಣ್ಣ ಬಂದರು. ಅವರು ಆ ಗುಂಪಿನ ಅಡ್ಮಿನ್. ಕೆಲಸದಿಂದ ನಿವೃತ್ತರಾದ ಮೇಲೆ ಬೀದಿಯನ್ನೇ ಆಫೀಸು ಮಾಡಿಕೊಂಡವರು.

“ಆರಾಧ್ಯರೇ, ಮಹಾನಂದಮ್ಮನಿಗೆ ಗೊತ್ತಾ?” ಎಂದು ಅಡುಗೆಮನೆ ಕಡೆ ನೋಡಿ ಪಿಸುಗುಟ್ಟಿದರು.

“ಗೊತ್ತು. ಬೀದಿಯವರು ಒಪ್ಪಿದ್ರೆ ತನ್ನಿ ಅಂದಿದಾಳೆ.”

ಶೀನಣ್ಣ ಗೋಡೆ ಹಿಡಿದುಕೊಂಡರು. ವಿಶ್ವಾರಾಧ್ಯರಿಗೆ ಆಗ ಹೊಳೆಯಿತು. “ಅಯ್ಯೋ ಶಿವನೇ! ಕೋಳಿ, ಶೀನಣ್ಣ! ಹಿತ್ತಲಲ್ಲಿ ಸಾಕೋಕೆ ನಾಲ್ಕು ಹೇಟೆ ಕೋಳಿ!”

ಒಂದು ಕ್ಷಣ ಶೀನಣ್ಣನ ಮುಖದಲ್ಲಿ ನೆಮ್ಮದಿ ಕಂಡಿತು. ಮರುಕ್ಷಣ ಅದು ಮಾಯವಾಗಿ ಹುಬ್ಬು ಮೇಲೆ ಹೋಯಿತು.

“ಕೋಳೀನಾ? ಬೇರೆ ಏನಾದ್ರೂ ಆಗಿದ್ರೆ ಅದು ನಿಮ್ಮ ಮನೆ ವಿಷಯ. ಕೋಳಿ ಅಂದ್ರೆ ಬೀದಿ ವಿಷಯ!”

ಒಳಗಿನಿಂದ ಮಹಾನಂದ ನಕ್ಕ ಸದ್ದು ಕೇಳಿತು. ಈ ಬೀದಿಯಲ್ಲಿ ಯಾರೂ ಒಪ್ಪುವುದಿಲ್ಲ ಎಂಬ ಪೂರ್ತಿ ನಂಬಿಕೆಯಿಂದಲೇ ಆಕೆ ಗಂಡನಿಗೆ ಆ ಮಾತು ಕೊಟ್ಟಿದ್ದಳು.

“ನೀವು ಮೊಟ್ಟೆ ತಿನ್ನಲ್ಲ, ಮಾಂಸ ಮುಟ್ಟಲ್ಲ. ಮತ್ತೆ ಕೋಳಿ ಯಾಕೆ?” ಎಂದರು ಶೀನಣ್ಣ.

“ಸುಮ್ನೆ. ಓಡಾಡ್ಕೊಂಡಿರ್ಲಿ ಅಂತ.”

ಇದಕ್ಕಿಂತ ಹೆಚ್ಚು ವಿವರಿಸಲು ವಿಶ್ವಾರಾಧ್ಯರಿಗೆ ಯಾವತ್ತೂ ಆಗಿರಲಿಲ್ಲ. ಅವರು ಬೆಳೆದದ್ದು ಓಕಳಿಪುರದಲ್ಲಿ, ರೈಲು ಹಳಿಗೆ ಬೆನ್ನು ಮಾಡಿಕೊಂಡ ಒಂದು ವಠಾರದಲ್ಲಿ. ಪಕ್ಕದ ಮನೆ ಮುನಿಸ್ವಾಮಿಯ ತಾಯಿ ಕೋಳಿ ಸಾಕಿದ್ದರು. ಅದರಲ್ಲಿ ಬೂದಿ ಬಣ್ಣದ ಮೈಮೇಲೆ ಬಿಳಿ ಚುಕ್ಕಿಯ ಹೇಟೆಯೊಂದು, ಇವರು ಮೆಟ್ಟಿಲ ಮೇಲೆ ಕೂತು ಪಾಠ ಓದುವಾಗ ಬಂದು ಮಡಿಲಲ್ಲಿ ಕೂರುತ್ತಿತ್ತು. ಬಟ್ಟೆಯಲ್ಲಿ ಸುತ್ತಿಟ್ಟ ಬಿಸಿ ಇಡ್ಲಿಯಷ್ಟು ಮೆತ್ತಗೆ, ಬೆಚ್ಚಗೆ. ರೈಲು ಹೋದರೆ ಕಿಟಕಿ ನಡುಗುತ್ತಿತ್ತು, ಪಾತ್ರೆ ನಡುಗುತ್ತಿತ್ತು, ಕೋಳಿ ಮಾತ್ರ ಕಣ್ಣು ಬಿಡುತ್ತಿರಲಿಲ್ಲ. ಒಂದು ಹಬ್ಬಕ್ಕೆ ಮುನಿಸ್ವಾಮಿಯ ಮನೆಗೆ ನೆಂಟರು ಬಂದರು. ಮಾರನೇ ದಿನ ಕೋಳಿ ಇರಲಿಲ್ಲ. ಲಿಂಗ ಕಟ್ಟಿಕೊಂಡ ಮನೆಯ ಹುಡುಗ ಕೋಳಿಗಾಗಿ ಅತ್ತ ಎಂದು ಹೇಳುವುದು ಹೇಗೆ? ಹೊಟ್ಟೆನೋವು ಎಂದ. ಅಜ್ಜಿ ಹರಳೆಣ್ಣೆ ಕುಡಿಸಿದರು.

ಆಮೇಲೆ ಇನ್ಷೂರೆನ್ಸ್ ಆಫೀಸಿನ ಕೆಲಸ, ಮದುವೆ, ಒಂದಾದ ಮೇಲೊಂದು ಮಹಡಿ ಮನೆ. ಈಗ ಐವತ್ತು ದಾಟಿದ ಮೇಲೆ ನೆಲ ಇರುವ ಬಾಡಿಗೆ ಮನೆ ಸಿಕ್ಕಿತ್ತು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಕರಿಬೇವಿನ ಗಿಡ, ಮಿಕ್ಕಿದ್ದು ಖಾಲಿ. ಆ ಖಾಲಿಯನ್ನು ನೋಡಿದಾಗಲೆಲ್ಲ ಅವರ ಮಡಿಲು ತಣ್ಣಗಾಗುತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಚೂಡಾಮಣಿಯಮ್ಮ ಬಂದರು. ಒಂಟಿ ಹೆಂಗಸು, ಮಡಿ ಜಾಸ್ತಿ. ಅವರು ಒಗೆದು ಹಾಕಿದ ಸೀರೆಯ ಮೇಲೆ ಕಾಗೆಯ ನೆರಳು ಬಿದ್ದರೂ ಮತ್ತೆ ನೆನೆಹಾಕುತ್ತಾರೆ ಎಂದು ಬೀದಿಯಲ್ಲಿ ಮಾತಿತ್ತು.

“ನನ್ನ ಗೋಡೆ ಪಕ್ಕ ಕೋಳಿ ಕೂಗಿದ್ರೆ ನಾನು ಪೂಜೆ ಮಾಡೋದು ಹೇಗ್ರೀ?”

“ಹುಂಜ ಕೂಗೋದಮ್ಮ. ಹೇಟೆ ಕೂಗಲ್ಲ.”

“ಮೊಟ್ಟೆ ಇಟ್ಟಾಗ ಊರಿಗೆಲ್ಲ ಡಂಗುರ ಹೊಡೆಯುತ್ತಲ್ಲ, ಅದೇನು?”

ಇದು ಚೂಡಾಮಣಿಯಮ್ಮನಿಗೆ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಇಷ್ಟು ಹೊತ್ತಿಗೆ ಶೀನಣ್ಣ ಫೋನಿನಲ್ಲಿ ಹುಡುಕಿ ಓದಲು ಶುರುಮಾಡಿದ್ದರು. ಓದುತ್ತಾ ಓದುತ್ತಾ ಅವರ ದನಿಯೇ ಬದಲಾಯಿತು. “ನೋಡಿ ಆರಾಧ್ಯರೇ, ಗಿರಿರಾಜ ಅಂತ ಒಂದು ತಳಿ. ನಮ್ಮ ಬೆಂಗಳೂರಲ್ಲೇ ಕಂಡುಹಿಡಿದಿದ್ದಂತೆ. ಭಾರಿ ಮೈ, ಹಾರೋಕಾಗಲ್ಲ. ಸ್ವರ್ಣಧಾರ ಅಂತ ಇನ್ನೊಂದು. ಅದು ಸ್ವಲ್ಪ ಹಗುರ, ಮೊಟ್ಟೆ ಜಾಸ್ತಿ. ಕಾವೇರಿ ಅಂತಾನೂ ಇದೆ ಕಣ್ರೀ! ಎಷ್ಟು ಚೆನ್ನಾಗಿ ಹೆಸರಿಟ್ಟಿದಾರೆ!”

“ಹಂಗಾದ್ರೆ ಒಪ್ಕೊಂಡ್ರಾ?”

“ಒಪ್ಪಿಗೆ ಆಮೇಲೆ. ಯಾವ ತಳಿ ಅಂತ ನಾನೇ ಬಂದು ನೋಡ್ಬೇಕು. ಬೀದಿ ಜವಾಬ್ದಾರಿ ನನ್ನ ಮೇಲಿದೆ.”

“ನಾನೂ ಬರ್ತೀನಿ,” ಎಂದರು ಚೂಡಾಮಣಿಯಮ್ಮ. “ನೀವಿಬ್ರು ಗಂಡಸರು ಹೋಗಿ ಯಾವುದೋ ರೋಗದ ಕೋಳಿ ತಂದ್ಹಾಕಿದ್ರೆ?”

ಅಡುಗೆಮನೆಯ ನಗು ನಿಂತಿತು.

ಮುನಿಸ್ವಾಮಿ ಈಗ ಮತ್ತಿಕೆರೆಯಲ್ಲಿ, ಮನೆಯ ಹಿಂದೆ ಒಂದು ಶೆಡ್ಡು ಹಾಕಿಕೊಂಡು ಕೋಳಿ ಮಾರುತ್ತಿದ್ದ. ಆಟೋದಿಂದ ಮೂವರೂ ಇಳಿದದ್ದನ್ನು ನೋಡಿ ಹೌಹಾರಿದ. “ಏನ್ ಗುರು, ಹೆಣ್ಣು ನೋಡೋಕೆ ಬಂದಂಗೆ ದೊಡ್ಡೋರನ್ನ ಕರ್ಕೊಂಡ್ಬಂದಿದೀಯ?”

ನಿಜಕ್ಕೂ ಅದು ಹೆಣ್ಣು ನೋಡುವ ಶಾಸ್ತ್ರದಂತೆಯೇ ನಡೆಯಿತು. ಮುನಿಸ್ವಾಮಿ ಒಂದೊಂದನ್ನೇ ಎತ್ತಿ ತಂದು ಎದುರಿಗೆ ಹಿಡಿದ. ಮೊದಲು ಕಡಕ್‌ನಾಥ್. ಕೊಕ್ಕು, ಜುಟ್ಟು, ಕಾಲು ಎಲ್ಲವೂ ಕಪ್ಪು. ಚೂಡಾಮಣಿಯಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡೇ, “ಕರಿ ಛತ್ರಿ ಮಡಿಸಿಟ್ಟಂಗಿದೆ, ಬೇಡ,” ಎಂದರು. ಆಮೇಲೆ ಅಸೀಲ್. ಅದು ಶೀನಣ್ಣನನ್ನು ಸಾಲಗಾರನನ್ನು ನೋಡುವಂತೆ ನೋಡಿತು. ಶೀನಣ್ಣ ಎರಡು ಹೆಜ್ಜೆ ಹಿಂದೆ ಸರಿದು, “ಇದು ಜಗಳದ ಜಾತಿ. ನಮ್ಮ ಬೀದೀಲಿ ಈಗಾಗ್ಲೇ ಸಾಕಷ್ಟಿದೆ,” ಎಂದರು. ಸ್ವರ್ಣಧಾರ ಬಂತು, ಕಾವೇರಿ ಬಂತು. ಯಾವುದು ಒಳ್ಳೆಯದು ಎಂದು ಕೇಳಿದರೆ ಮುನಿಸ್ವಾಮಿ, “ಎಲ್ಲಾ ಒಳ್ಳೇದೇ ಸಾರ್,” ಎನ್ನುತ್ತಿದ್ದ. ಗಿರಿರಾಜ ಬಂದಾಗ ಶೀನಣ್ಣನ ಕಣ್ಣು ಅರಳಿತು.

“ಇದೇ! ಗಂಭೀರ ನೋಡಿ. ಸರ್ಕಾರಿ ನೌಕರನ ಥರ, ಕೂತ ಕಡೆ ಕೂತಿರುತ್ತೆ. ಗೋಡೆ ಹಾರಲ್ಲ. ಇದನ್ನೇ ತಗೊಳ್ಳಿ.”

ವಿಶ್ವಾರಾಧ್ಯರು ಅಲ್ಲಿರಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕ್ರೇಟು ಮಗುಚಿ ಹಾಕಿ ಕೂತು, ಪಂಚೆಯ ಮಡಿಲು ಹರಡಿಕೊಂಡು ಕಾಯುತ್ತಿದ್ದರು. ಕೋಳಿಗಳು ಅವರನ್ನು ಬಳಸಿ ಹೋಗುತ್ತಿದ್ದವು. ಆಗ ನಾಟಿ ಕೋಳಿಗಳ ಗುಂಪಿನಿಂದ ಒಂದು ಹೊರಗೆ ಬಂತು. ಬೂದಿ ಬಣ್ಣ, ಬಿಳಿ ಚುಕ್ಕಿ. ಕತ್ತು ಓರೆ ಮಾಡಿ ಅವರನ್ನು ನೋಡಿತು. ಒಂದು ಸಲ ಕುಪ್ಪಳಿಸಿ ಮಡಿಲಲ್ಲಿ ಕೂತು, ಕಾಲು ಮಡಚಿ, ಕಣ್ಣು ಮುಚ್ಚಿತು.

ವಿಶ್ವಾರಾಧ್ಯರು ಪಂಚೆಯ ಅಂಚನ್ನು ಮೆಲ್ಲಗೆ ಅದರ ಸುತ್ತ ಎತ್ತಿ ಹಿಡಿದರು.

“ಅದು ನಾಟಿ, ಮನೇಲೇ ಕೈತುತ್ತು ತಿಂದು ಬೆಳೆದಿರೋದು,” ಎಂದ ಮುನಿಸ್ವಾಮಿ. ಗೆಳೆಯನ ಮುಖ ನೋಡಿ ಮಂಕರಿ ತರಲು ಹೋದ.

“ಆರಾಧ್ಯರೇ, ನಾಟಿ ಹಗುರ, ಹಾರುತ್ತೆ ಅಂತ ಬರೆದಿದಾರೆ ಇಲ್ಲಿ!” ಎಂದು ಶೀನಣ್ಣ ಫೋನು ಎತ್ತಿ ಹಿಡಿದರು. ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಚುಕ್ಕಿಯದರ ಜೊತೆಗೆ ಅದೇ ಗುಂಪಿನ ಇನ್ನೂ ಮೂರನ್ನು ಮಂಕರಿಯಲ್ಲಿ ಹಾಕಿಸಿಕೊಂಡು ಹೊರಟರು.

ವಾಪಸು ಬರುವಾಗ ಚುಕ್ಕಿ ಕೋಳಿ ಮಂಕರಿಯಲ್ಲಿರಲಿಲ್ಲ, ವಿಶ್ವಾರಾಧ್ಯರ ಮಡಿಲಲ್ಲಿತ್ತು. ಅದರ ಕಾಲಿಗೆ ದಾರ ಕಟ್ಟಿತ್ತು. ಮಲ್ಲೇಶ್ವರದ ಟ್ರಾಫಿಕ್ಕಿನಲ್ಲಿ ಆಟೋ ನಿಂತಾಗ ಚೂಡಾಮಣಿಯಮ್ಮ ರಸ್ತೆ ಕಡೆ ಮುಖ ಮಾಡಿಕೊಂಡೇ ಹೇಳಿದರು: “ದಾರ ಬಿಗಿಯಾಗಿದೆ. ಸಡಿಲ ಮಾಡಿ, ಪಾಪ.”

ಸಡಿಲ ಮಾಡಿದರು. ಅದೇ ಹೊತ್ತಿಗೆ ಹಿಂದಿನ ಬಸ್ಸು ಹಾರ್ನ್ ಹೊಡೆಯಿತು. ಕೋಳಿ ಆಟೋದಿಂದ ಚಿಮ್ಮಿ, ಸ್ಕೂಟರೊಂದರ ಸೀಟು ತುಳಿದು, ಹಪ್ಪಳ ಸಂಡಿಗೆ ಮಾರುವ ಅಂಗಡಿಯೊಳಗೆ ಹೋಯಿತು.

“ಏನ್ ಸಾರ್ ಇದು! ನಮ್ದು ಪ್ಯೂರ್ ವೆಜ್ಜು!” ಎಂದು ಅಂಗಡಿಯವನು ಕೂಗಿದ. ಕೋಳಿ ಅವನ ತಕ್ಕಡಿಯ ಮೇಲೆ ಕೂತಿತ್ತು. ಹಣೆ ತುಂಬ ವಿಭೂತಿ ಹಚ್ಚಿದ ವಿಶ್ವಾರಾಧ್ಯರು ಪಂಚೆ ಎತ್ತಿಕಟ್ಟಿ ನುಗ್ಗಿದರು. ಕೋಳಿ ಅರಳು ಸಂಡಿಗೆಯ ಡಬ್ಬಕ್ಕೆ ಹಾರಿತು, ಅಲ್ಲಿಂದ ಚಕ್ಕುಲಿಗೆ. ಗಿರಾಕಿಗಳು ವಿಡಿಯೋ ತೆಗೆದರು. ಶೀನಣ್ಣ ಎಲ್ಲರಿಗೂ, “ನಮ್ದಲ್ಲ, ನಮ್ದಲ್ಲ,” ಎಂದು ಸಮಜಾಯಿಷಿ ಕೊಡುತ್ತಿದ್ದರು.

ಆಗ ಚೂಡಾಮಣಿಯಮ್ಮ ಆಟೋದಿಂದ ಇಳಿದರು. ಫುಟ್‌ಪಾತಿನ ಮೇಲೆ ಕುಕ್ಕರಗಾಲಲ್ಲಿ ಕೂತರು. ನಾಲಿಗೆಯನ್ನು ಅಂಗುಳಕ್ಕೆ ಬಡಿದು ಒಂದು ಸದ್ದು ಮಾಡಿದರು. ಆ ಸದ್ದನ್ನು ಅವರ ಬಾಯಿಂದ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಕೋಳಿ ಚಕ್ಕುಲಿ ಬಿಟ್ಟು ನೇರವಾಗಿ ಬಂದು ಅವರ ಮುಂದೆ ನಿಂತಿತು.

“ಹಿಡ್ಕೊಳ್ಳಿ,” ಎಂದರು, ಮುಟ್ಟದೆ. ಇಬ್ಬರೂ ಗಂಡಸರು ಬಾಯಿ ಬಿಟ್ಟುಕೊಂಡು ನೋಡುವುದನ್ನು ಕಂಡು, “ಮಾನ ಹೋಗ್ತಿತ್ತು, ಅದಕ್ಕೆ ಕರೆದೆ,” ಎಂದು ಮತ್ತೆ ಮೂಗು ಮುಚ್ಚಿಕೊಂಡರು.

ಮನೆಗೆ ಬಂದ ಮೇಲೆ ಎಲ್ಲವೂ ಸುಸೂತ್ರ. ಬೀದಿಯವರು ಸಾಲಾಗಿ ಬಂದು ನೋಡಿಕೊಂಡು ಹೋದರು. ತಾವೇ ಆರಿಸಿದ್ದು ಎಂಬಂತೆ ಶೀನಣ್ಣ ಎಲ್ಲರಿಗೂ ತಳಿಗಳ ಬಗ್ಗೆ ಭಾಷಣ ಮಾಡಿದರು. ಮಹಾನಂದ ಮೊದಲು ಮುಖ ಗಂಟಿಕ್ಕಿಕೊಂಡಿದ್ದವಳು, ಗಂಡ ಒಗೆಯುವ ಕಲ್ಲಿನ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದ ರೀತಿ ಕಂಡು, ಒಂದು ಹಿಡಿ ನುಚ್ಚು ತಂದು ಹಾಕಿದಳು. “ಇಷ್ಟು ಆಸೆ ಇತ್ತು ಅಂತ ಒಂದಿನಾನಾದ್ರೂ ಬಾಯಿಬಿಟ್ಟು ಹೇಳ್ಬಾರ್ದಿತ್ತಾ?” ಎಂದಳು. ನಾಲ್ಕು ಕೋಳಿ ಕರಿಬೇವಿನ ಬುಡ ಕೆದಕುತ್ತಾ ಸುಮ್ಮನೆ ಓಡಾಡಿಕೊಂಡಿದ್ದವು. ಇನ್ನೇನು ಬೇಕು?

ಹೊತ್ತು ಮುಳುಗಿತು. ಅವರು ದೀಪ ಹಚ್ಚಲು ಒಳಗೆ ಹೋಗಿ ಬರುವಷ್ಟರಲ್ಲಿ ರೆಕ್ಕೆ ಬಡಿದ ಸದ್ದು. ಒಂದು, ಎರಡು, ಮೂರು, ನಾಲ್ಕು. ಹಗುರ ಮೈಯ ನಾಟಿ ಕೋಳಿಗಳು ರಾತ್ರಿ ತಂಗಲು ಎತ್ತರದ ಜಾಗ ಹುಡುಕಿ, ಗೋಡೆ ದಾಟಿ, ಚೂಡಾಮಣಿಯಮ್ಮನ ಸೀಬೆ ಮರದ ಕಡೆ ಹಾರಿಬಿಟ್ಟವು.

ಮಡಿಯ ಸೀರೆ, ಪೂಜೆಯ ಹೂವು, ತುಳಸಿ ಕಟ್ಟೆ! ನಾಳೆ ಬೆಳಗಾಗುವುದರೊಳಗೆ ಕೋಳಿಗಳು ಮತ್ತಿಕೆರೆಗೆ ವಾಪಸು. ವಿಶ್ವಾರಾಧ್ಯರು ಓಡಿಹೋಗಿ ಒಗೆಯುವ ಕಲ್ಲು ಹತ್ತಿ, ಗೋಡೆಯ ಮೇಲೆ ಗದ್ದ ಇಟ್ಟು, ಕ್ಷಮೆ ಕೇಳಲು ಬಾಯಿ ತೆರೆದರು.

ಮೂರು ಕೋಳಿ ಮರದ ಕೊಂಬೆಯ ಮೇಲೆ ಸಾಲಾಗಿ ಕೂತಿದ್ದವು. ಕೆಳಗೆ ಹಿತ್ತಲ ಮೆಟ್ಟಿಲ ಮೇಲೆ ಚೂಡಾಮಣಿಯಮ್ಮ. ಅವರ ಮಡಿ ಸೀರೆಯ ಮಡಿಲಲ್ಲಿ ಚುಕ್ಕಿಯ ಹೇಟೆ, ಕಾಲು ಮಡಚಿ ಕೂತಿತ್ತು. ಅವರ ಕೈ ಅದರ ಬೆನ್ನ ಮೇಲೆ ನಿಧಾನವಾಗಿ ಹೋಗಿ ಬರುತ್ತಿತ್ತು.

“ಅಮ್ಮ, ಅದು...”

“ಶ್! ಮೆತ್ತಗೆ ಮಾತಾಡಿ.” ಅವರು ತಲೆ ಎತ್ತಲಿಲ್ಲ. ಬೆನ್ನು ಸವರುತ್ತಲೇ ತಾವಾಗಿಯೇ ಹೇಳಿದರು: “ಚಿಕ್ಕೋಳಿದ್ದಾಗ ಒಂದಿತ್ತು ಆರಾಧ್ಯರೇ. ನಮ್ದಲ್ಲ, ಹಿಂದಿನ ಮನೆಯೋರದು. ನಮ್ಮಪ್ಪ ಮೇಷ್ಟ್ರು, ಅವರು ಸ್ಕೂಲಿಗೆ ಹೋದ್ಮೇಲೆ ಕರೀತಿದ್ದೆ, ಬರ್ತಿತ್ತು. ಆಮೇಲೆ ನಮ್ಗೆ ವರ್ಗ ಆಗೋಯ್ತು. ಅದಕ್ಕೆ ಹೇಳೋಕೂ ಆಗ್ಲಿಲ್ಲ, ಹೋಗ್ತಿದೀವಿ ಅಂತ.”

ಕೋಳಿ ಒಂದು ಕಣ್ಣು ತೆರೆದು ವಿಶ್ವಾರಾಧ್ಯರನ್ನು ನೋಡಿ, ಮತ್ತೆ ಮುಚ್ಚಿಕೊಂಡಿತು.

“ಕತ್ತಲಾಯ್ತಮ್ಮ,” ಎಂದರು ಅವರು ಮೆಲ್ಲಗೆ. “ಕೋಳಿ ಮುಟ್ಟಿದೀರಿ. ನಿಮಗೆ ಸ್ನಾನ ಆಗ್ಬೇಕಲ್ಲ.”

“ಆಮೇಲೆ ಮಾಡ್ತೀನಿ ಬಿಡಿ,” ಎಂದರು ಚೂಡಾಮಣಿಯಮ್ಮ. “ಈಗ ಎದ್ರೆ ಇದಕ್ಕೆ ಎಚ್ಚರ ಆಗ್ಬಿಡುತ್ತೆ.”